ಸಂಕ್ರಾಂತಿಯೂ ಸೂರ್ಯನ ಹೊರಳುವಿಕೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಸಂಕ್ರಾಂತಿಯೆಂದರೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಮನೆಮಂದಿಯ ಕೂಟ. ಉತ್ತರಾಯಣವು ಅಂದೇ ಮೊದಲಾಗುವುದೆಂಬ ಮಾತು ರೂಢಿಯಲ್ಲಿದೆ. ಆದರೆ ಸೂರ್ಯನು ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ರಂದು! ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಒದಗುತ್ತಿದ್ದುವು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ಓಲಾಡುವುದರಿಂದ, ಸುಮಾರು 70 ವರ್ಷಗಳಿಗೊಂದು ದಿನದಂತೆ ಅಂತರವು ಬೆಳೆಯಿತು.

ಡಿಸೆಂಬರಿನ ಆ ದಿನ ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ಹಗಲು ನಾಲ್ಕು ಗಂಟೆಗಿಂತ ತುಸುವೇ ಹೆಚ್ಚು. ಬೆಳಕು ಮರಳುವುದನ್ನು ಅಲ್ಲಿ ಮಕ್ಕಳೂ ಬಲ್ಲರು. ನಮ್ಮಲ್ಲಿ ಅಂದೂ ಹಗಲು ಸುಮಾರು ಹನ್ನೊಂದೂಕಾಲು ಗಂಟೆ. ಆದುದರಿಂದ ಹೊರಳುವಿಕೆಯನ್ನು ಅಳೆದೇ ತಿಳಿಯಬೇಕು.

ಹಬ್ಬವನ್ನು ಕದಲಿಸಬೇಕೆಂದು ನಾವು ಹೇಳುವುದಿಲ್ಲ. ವಿದ್ಯಾರ್ಥಿಗಳು ಅಂಗಳದಲ್ಲಿ ಕೋಲೊಂದನ್ನು ನೆಟ್ಟು, ಡಿಸೆಂಬರಿನಿಂದ ಸಂಕ್ರಾಂತಿಯವರೆಗೆ ಪ್ರತಿದಿನದ ಅತಿ ಗಿಡ್ಡ ನೆರಳನ್ನು ಅಳೆದಿಡಲಿ. ಹಬ್ಬದೂಟದ ಹೊತ್ತಿಗೆ ಆ ಲೆಕ್ಕವನ್ನು ಹಿರಿಯರ ಮುಂದಿಡಲಿ.