ಬೀಳುವುದನ್ನೂ ಕಲಿಯಬೇಕು
ಉದ್ದನೆಯ ಗೋಲ್‌ಕೀಪರ್‌ಗೆ ನೆಲ ಬಲು ದೂರ. ಮೇಲಿನ ಮೂಲೆಗೆ ಚಂಗನೆ ಹಾರುವ ಹುಡುಗ, ಹುಲ್ಲು ಸವರಿಕೊಂಡು ಬಂದ ಚೆಂಡಿಗೆ ತಬ್ಬಿಬ್ಬಾಗುತ್ತಾನೆ. ಅದಕ್ಕೇ ಕೋಚ್ ಮೊದಲು ಮಂಡಿಯೂರಿಸಿ ಪಕ್ಕಕ್ಕೆ ಬೀಳಿಸುತ್ತಾರೆ, ಆಮೇಲೆ ಕುಕ್ಕರುಗಾಲಲ್ಲಿ, ಕೊನೆಗೆ ನಿಂತಲ್ಲಿಂದ. ತೊಡೆ, ಸೊಂಟ, ಭುಜ ಒಂದರ ಹಿಂದೊಂದು ನೆಲ ಮುಟ್ಟಬೇಕು. ಮೊಣಕೈ ಊರಿದರೆ ಕೆಟ್ಟಿತು. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಮೇಲೆ. ಮೂರನೇ ಕೈ ಅಂದರೆ ನೆಲವೇ. (ಜರ್ಸಿಯ ಒಂದು ಮಗ್ಗುಲಷ್ಟೇ ಕೆಸರಾಗಿದ್ದರೆ ಪಾಠ ಅರ್ಧವಾಗಿದೆ ಎಂದರ್ಥ.) ಹೀಗೆ ಬೀಳಲು ಬಂದರೆ ಏನಾಗುತ್ತದೆ ನೋಡಿ: 1970ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಪೆಲೆ ತಲೆಯಿಂದ ಕೆಳಕ್ಕೆ ಕುಟ್ಟಿದ ಚೆಂಡು ಪುಟಿದೇಳುವಷ್ಟರಲ್ಲಿ ಇಂಗ್ಲೆಂಡಿನ ಗಾರ್ಡನ್ ಬ್ಯಾಂಕ್ಸ್ ಬಲಕ್ಕೆ ಬಿದ್ದು, ಅದನ್ನು ಬಾರ್ ಮೇಲಿಂದ ಆಚೆ ಹಾರಿಸಿದ್ದರು. ಜನ ಇವತ್ತಿಗೂ ನೆನೆಯುವುದು ಅದನ್ನೇ. ಪಂದ್ಯವನ್ನು 1-0ಯಿಂದ ಗೆದ್ದದ್ದು ಮಾತ್ರ ಬ್ರೆಜಿಲ್.