ಅಳಿವೆಯ ಅತಿಥಿ

ನದಿಯು ಕಡಲನ್ನು ಕೂಡುವ ಎಡೆಗೆ ಅಳಿವೆ ಎಂದು ಹೆಸರು. ಭೂಪಟವನ್ನು ನೋಡುವವರಿಗೆ ಅದು ನದಿಯ ಕೊನೆ. ಆದರೆ ಅಳಿವೆಯ ದಡದಲ್ಲಿ ಒಂದು ದಿನ ನಿಂತು ನೋಡಿದವರಿಗೆ ಅದು ಅಸಂಖ್ಯ ಜೀವಿಗಳ ಆರಂಭಸ್ಥಾನವೆಂಬುದು ಮನವರಿಕೆಯಾಗುತ್ತದೆ. ಕಡಲಿನಲ್ಲಿ ಬೆಳೆದು ದೊಡ್ಡವಾಗುವ ಎಷ್ಟೋ ಮೀನುಗಳಿಗೂ ಸಿಗಡಿಗಳಿಗೂ ಅಳಿವೆಯೇ ಬಾಲ್ಯದ ಮನೆ. ಇಂತಹ ಮನೆಯೊಂದಕ್ಕೆ ಹೋಗುವವರು ಅದನ್ನು ನೋಡಬೇಕಾದ ಬಗೆ ಯಾವುದು ಎಂಬುದು ಇಂದು ವಿಚಾರಾರ್ಹವಾದ ಪ್ರಶ್ನೆ.

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಶಿರಸಿಯ ಬಳಿ ಹುಟ್ಟುವ ಈ ನದಿ ಸಹ್ಯಾದ್ರಿಯ ಕಾಡುಗಳಲ್ಲಿ ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದರ ಹರಿವಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಆದುದರಿಂದ ಮಲೆನಾಡಿನ ಸಿಹಿನೀರೂ ಮಣ್ಣಿನ ಸಾರವೂ ತಡೆಯಿಲ್ಲದೆ ಅಳಿವೆಯನ್ನು ಮುಟ್ಟುತ್ತವೆ. ಮಳೆಗಾಲದಲ್ಲಿ ಇಲ್ಲಿ ನದಿಯದೇ ಪ್ರಾಬಲ್ಯ. ಬೇಸಗೆಯಲ್ಲಿ ಕಡಲಿನ ಉಪ್ಪುನೀರು ಹಲವು ಕಿಲೋಮೀಟರುಗಳವರೆಗೆ ಒಳನುಗ್ಗುತ್ತದೆ. ಸಿಹಿ ಮತ್ತು ಉಪ್ಪುಗಳ ಈ ಸಮತೂಕವೇ ಅಳಿವೆಯ ಪ್ರಾಣ.

ದಕ್ಷಿಣದ ದಡದಲ್ಲಿ ಅಘನಾಶಿನಿ ಗ್ರಾಮ, ಉತ್ತರದ ದಡದಲ್ಲಿ ತದಡಿಯ ಮೀನುಗಾರಿಕಾ ಬಂದರು. ನಡುವೆ ದೋಣಿಯಲ್ಲಿ ಸಾಗುವ ಪ್ರವಾಸಿಗೆ ಮೊದಲು ಕಾಣುವುದು ವಿಶಾಲವಾದ ಜಲರಾಶಿ. ಇಳಿತದ ವೇಳೆಗೆ ಅದೇ ಜಲರಾಶಿಯ ಅಡಿಯಿಂದ ಕೆಸರಿನ ಬಯಲುಗಳು ಮೇಲೇಳುತ್ತವೆ. ಬೆಳ್ಳಕ್ಕಿಗಳು ಅಲ್ಲಿಗೆ ಇಳಿಯುತ್ತವೆ. ಗರುಡ ಪಕ್ಷಿ ಆಗಸದಲ್ಲಿ ಸುತ್ತುತ್ತದೆ. ದಡಗಳಲ್ಲಿ ಕಾಂಡ್ಲಾ ಮರಗಳು ಉಪ್ಪುನೀರಿನಲ್ಲಿಯೇ ಬೇರೂರಿ ನಿಂತಿವೆ. ಅವುಗಳಲ್ಲಿ ಕೆಲವಕ್ಕೆ ಕಾಂಡವನ್ನು ಎತ್ತಿ ಹಿಡಿಯುವ ಊರುಗೋಲಿನಂತಹ ಬೇರುಗಳು. ಕೆಲವಕ್ಕೆ ಕೆಸರಿನಿಂದ ಮೇಲೆದ್ದು ಗಾಳಿಯನ್ನು ಸೇವಿಸುವ ಉಸಿರುಬೇರುಗಳು. ಕೆಲವು ಜಾತಿಗಳ ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು, ಅನಂತರ ನೀರಿಗೆ ಬೀಳುತ್ತದೆ. ಈ ಬೇರುಗಳ ಸಂದಿಯಲ್ಲಿ ಮರಿಮೀನುಗಳು ಆಶ್ರಯ ಪಡೆಯುತ್ತವೆ. ದಡದ ಮಣ್ಣು ಕೊಚ್ಚಿಹೋಗದೆ ಉಳಿಯುತ್ತದೆ.

ಆದರೆ ಅಳಿವೆಯು ಕೇವಲ ಪಕ್ಷಿಗಳ ಮತ್ತು ಮರಗಳ ತಾಣವಲ್ಲ. ಇಳಿತದ ಸಮಯದಲ್ಲಿ ಸ್ತ್ರೀಪುರುಷರು ಮೊಣಕಾಲುದ್ದದ ನೀರಿಗಿಳಿದು ಚಿಪ್ಪಿಕಲ್ಲುಗಳನ್ನು ಆಯುತ್ತಾರೆ. ಅದರಿಂದ ಬಡ ಕುಟುಂಬಗಳಿಗೆ ಬಂಡವಾಳವಿಲ್ಲದ ಜೀವನೋಪಾಯವೂ ಅಗ್ಗದ ಪೌಷ್ಟಿಕ ಆಹಾರವೂ ದೊರಕುತ್ತವೆ. ಗಜನಿ ಎಂದು ಕರೆಯುವ ತಗ್ಗು ಭೂಮಿಯಲ್ಲಿ ರೈತರು ಕಗ್ಗ ಎಂಬ ಭತ್ತವನ್ನು ಬೆಳೆದುಕೊಂಡು ಬಂದಿದ್ದಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಶಕ್ತಿ ಈ ತಳಿಗೆ ಉಂಟು. ಕೊಯ್ಲಾದ ಮೇಲೆ ತೂಬುಗಳನ್ನು ತೆರೆದು ಉಪ್ಪುನೀರನ್ನು ಗದ್ದೆಗೆ ಬಿಡುತ್ತಾರೆ. ಉಳಿದ ಕೂಳೆಯ ನಡುವೆ ಮೀನು, ಸಿಗಡಿಗಳು ಬೆಳೆಯುತ್ತವೆ. ಸಮೀಪದ ಸಾಣಿಕಟ್ಟೆಯಲ್ಲಿ ಇದೇ ಉಪ್ಪುನೀರು ಬಿಸಿಲಿಗೆ ಒಣಗಿ ಉಪ್ಪಾಗುತ್ತದೆ. ಒಂದೇ ನೀರು ಅನ್ನವಾಗಿ, ಮೀನಾಗಿ, ಉಪ್ಪಾಗಿ ಜನರ ಎಲೆಗೆ ಬರುವ ಈ ಏರ್ಪಾಡು ಪುಸ್ತಕದಿಂದ ಕಲಿತದ್ದಲ್ಲ; ತಲೆಮಾರುಗಳ ಅನುಭವದಿಂದ ಸಿದ್ಧಿಸಿದ್ದು.

ಈ ದಡಗಳಿಗೆ ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಮೊದಲಾದ ಯೋಜನೆಗಳು ಹಿಂದೆ ಸೂಚಿತವಾದಾಗ ಸ್ಥಳೀಯ ಜನರು ವಿರೋಧಿಸಿದರು. 2024ರ ಜನವರಿಯಲ್ಲಿ, 4,801 ಹೆಕ್ಟೇರು ವಿಸ್ತೀರ್ಣದ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದುದು ಪ್ರಕಟವಾಯಿತು. 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಒಪ್ಪಂದವೇ ಈ ಪಟ್ಟಿಗೆ ಮೂಲ. ಭಾರತವು 1982ರಲ್ಲಿ ಅದರ ಸದಸ್ಯತ್ವವನ್ನು ಪಡೆಯಿತು. ಈ ಮನ್ನಣೆ ಸಂತೋಷಕರವೇ ಸರಿ. ಆದರೆ ಮನ್ನಣೆಯ ಹಿಂದೆಯೇ ಪ್ರವಾಸಿಗಳ ದಂಡು ಬರುತ್ತದೆ. ದಂಡಿನ ಹಿಂದೆ ವಸತಿಗೃಹಗಳು, ಯಂತ್ರದ ದೋಣಿಗಳು, ಕಸದ ರಾಶಿಗಳು ಬರುವುದೂ ಅಸಂಭವವಲ್ಲ. ಯಾವುದನ್ನು ನೋಡಲೆಂದು ಜನ ಬರುತ್ತಾರೋ ಅದನ್ನು ಅವರ ಬರವೇ ಕೆಡಿಸಿದರೆ ಮನ್ನಣೆಯಿಂದ ಫಲವೇನು?

ಈ ಭಯದಿಂದ, ರಕ್ಷಿತ ಪ್ರದೇಶಕ್ಕೆ ಬೇಲಿ ಹಾಕಿ ಮನುಷ್ಯರನ್ನೆಲ್ಲ ಹೊರಗಿಡಬೇಕೆಂದು ಕೆಲವರು ವಾದಿಸುತ್ತಾರೆ. ಪ್ರವಾಸೋದ್ಯಮವು ಉದ್ಯೋಗವನ್ನು ಕೊಡುವುದರಿಂದ ಅದಕ್ಕೆ ಮಿತಿಯೇ ಬೇಡವೆಂಬುದು ಮತ್ತೆ ಕೆಲವರ ವಾದ. ಎರಡೂ ಸಮಂಜಸವಲ್ಲ. ಅಳಿವೆಗೆ ಬೇಲಿ ಹಾಕುವುದು ಸಾಧ್ಯವಿಲ್ಲ. ದಿನಕ್ಕೆರಡು ಬಾರಿ ಏರಿ ಇಳಿಯುವ ನೀರು ಯಾವ ಗಡಿಯನ್ನೂ ಮನ್ನಿಸದು. ರಾಮ್‌ಸಾರ್ ಒಪ್ಪಂದವೂ ಜನರನ್ನು ಒಕ್ಕಲೆಬ್ಬಿಸಲು ಹೇಳುವುದಿಲ್ಲ. ವಿವೇಕದ ಬಳಕೆ ಎಂಬುದೇ ಅದರ ತತ್ತ್ವ. ಗಜನಿಯ ಕಟ್ಟೆಯನ್ನು ಕಾಯುವ ರೈತನೂ ಚಿಪ್ಪಿ ಆಯುವ ತಾಯಿಯೂ ಅಳಿವೆಗೆ ಹೊರಗಿನವರಲ್ಲ. ಅವರನ್ನು ಕಳೆದುಕೊಂಡರೆ ಅದರ ಕಾವಲುಗಾರರನ್ನೇ ಕಳೆದುಕೊಂಡಂತೆ. ಇನ್ನು ಮಿತಿಯಿಲ್ಲದ ಸಂಪಾದನೆಯ ಮಾತು. ಮರಳನ್ನು ಮಿತಿಮೀರಿ ತೆಗೆದರೆ ಚಿಪ್ಪಿಗಳ ನೆಲೆ ಕೆಡುತ್ತದೆ. ಎಳೆಯ ಚಿಪ್ಪಿಗಳನ್ನೂ ಬಿಡದೆ ಆಯ್ದರೆ ಮುಂದಿನ ವರ್ಷದ ಅನ್ನಕ್ಕೆ ಸಂಚಕಾರ. ಅನೇಕ ಗಜನಿಗಳಲ್ಲಿ ಕಗ್ಗದ ಬೇಸಾಯ ಈಗಾಗಲೇ ಕ್ಷೀಣಿಸಿದೆ. ಬೇಗ ಬರುವ ಲಾಭವೆಲ್ಲ ಬಾಳುವ ಲಾಭವಲ್ಲ.

ಹಾಗಾದರೆ ಪ್ರವಾಸಿಯು ಬರಬಾರದೆ? ಖಂಡಿತವಾಗಿ ಬರಬೇಕು. ಕಾಣದುದನ್ನು ಪ್ರೀತಿಸುವುದು ಕಷ್ಟ. ಪ್ರೀತಿಸದುದನ್ನು ರಕ್ಷಿಸುವುದು ಇನ್ನೂ ಕಷ್ಟ. ಆದರೆ ಅವನು ಗಿರಾಕಿಯಂತೆ ಬರಬಾರದು, ಅತಿಥಿಯಂತೆ ಬರಬೇಕು. ಕೊಟ್ಟ ಹಣಕ್ಕೆ ತಕ್ಕ ನೋಟ ದೊರೆಯಿತೇ ಎಂದು ಗಿರಾಕಿ ಲೆಕ್ಕ ಹಾಕುತ್ತಾನೆ. ಅತಿಥಿಯಾದರೋ ಮನೆಯವರ ನಡೆನುಡಿಯನ್ನರಿತು ನಡೆದುಕೊಳ್ಳುತ್ತಾನೆ. ಅವನು ಊರಿನ ಅಂಬಿಗನ ದೋಣಿಯಲ್ಲಿ ಕುಳಿತು, ಅವನ ಬಾಯಿಂದಲೇ ಉಬ್ಬರ ಇಳಿತಗಳ ಪಾಠವನ್ನು ಕೇಳುತ್ತಾನೆ, ಹಕ್ಕಿಗಳು ಮೇಯುವಲ್ಲಿ ಗದ್ದಲ ಮಾಡುವುದಿಲ್ಲ, ಉಸಿರುಬೇರುಗಳನ್ನು ತುಳಿಯುವುದಿಲ್ಲ, ತಂದ ಪ್ಲಾಸ್ಟಿಕ್ಕನ್ನು ತನ್ನೊಡನೆಯೇ ಒಯ್ಯುತ್ತಾನೆ. ಇವು ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ಬೇಲಿಯಿಲ್ಲದ ತಾಣಕ್ಕೆ ಬಂದವರ ಸಂಯಮವೇ ಬೇಲಿ.

ಅತಿಥಿಯ ಕರ್ತವ್ಯವು ಅಲ್ಲಿಂದ ಹೊರಟೊಡನೆ ಮುಗಿಯುವುದಿಲ್ಲ. ಅಳಿವೆಯ ಆರೋಗ್ಯವು ನೂರಾರು ಹಳ್ಳಗಳ, ಬೆಟ್ಟಗಳ ಕೈಯಲ್ಲಿದೆ. ಘಟ್ಟದ ಮೇಲೆ ಕಾಡು ಬರಿದಾದರೆ ಅದರ ಫಲವನ್ನು ಕೆಳಗಿನ ಚಿಪ್ಪಿ ಉಣ್ಣಬೇಕಾಗುತ್ತದೆ. ಒಂದು ದಿನ ದಡದಲ್ಲಿ ನಿಂತು ಈ ಸಂಬಂಧವನ್ನು ಅರಿತ ವಿದ್ಯಾರ್ಥಿಯು ತನ್ನೂರಿನ ಕೆರೆಯನ್ನೂ ಹಳ್ಳವನ್ನೂ ಬೇರೆ ಕಣ್ಣಿನಿಂದ ನೋಡಿಯಾನು. ಆಗ ಪ್ರವಾಸವು ಸಾರ್ಥಕ.

ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು. ಹಿಂದಿನವರು ನದಿಗೆ ಆ ಹೆಸರನ್ನಿತ್ತು ಅದರ ಮುಂದೆ ತಲೆಬಾಗಿದರು. ನದಿಯು ಪಾಪವನ್ನು ತೊಳೆದೀತು. ಆದರೆ ನದಿಗೇ ಬಗೆದ ದ್ರೋಹವನ್ನು ತೊಳೆಯಲು ಬೇರೆ ನದಿಯಿಲ್ಲ.