ಆಟದ ನಿಯಮವೂ ಒಂದು ಪಠ್ಯ: ಪುರಾಣ, ಹಾಸು ಮತ್ತು ಜಾನಪದ ಅಧ್ಯಯನ

ಪುರಾಣವು ಕಾವ್ಯ, ಶಿಲ್ಪ ಮತ್ತು ರಂಗಭೂಮಿಗಳಲ್ಲಿ ಬದುಕುವಂತೆ ಆಟದ ಹಾಸಿನ ಮೇಲೆಯೂ ಬದುಕುತ್ತದೆ. ಕನ್ನಡ ಜಾನಪದ ಅಧ್ಯಯನವು ಹಾಡು, ಕಥೆ, ಒಗಟು, ಗಾದೆಗಳಿಗೆ ನೀಡಿದ ಗಂಭೀರ ಅವಧಾನವನ್ನು ಆಟದ ನಿಯಮಗಳಿಗೆ ನೀಡಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಈ ಉಪೇಕ್ಷೆಯ ಪರಿಣಾಮವೇನೆಂಬುದನ್ನು ತಿಳಿಯಲು ಪಾಶ್ಚಾತ್ಯ ಜಗತ್ತಿನ ಒಂದು ನಿದರ್ಶನ ನೆರವಾಗುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬ ನಿರೂಪಕನ ನಿರ್ದೇಶನದಲ್ಲಿ ಪಾತ್ರ ವಹಿಸಿ ಆಡುವ ಕಾಲ್ಪನಿಕ ಸಾಹಸದ ಆಟ. 1976ರಲ್ಲಿ ಅದರ ಆಟಗಾರರಿಗೆ ಕೆಲ್ಟಿಕ್ ಮೂಲದ ‘ಡ್ರೂಯಿಡ್’ ಪಾತ್ರ ಲಭ್ಯವಾಯಿತು. ಆದರೆ ಐತಿಹಾಸಿಕ ಡ್ರೂಯಿಡರು ತಮ್ಮ ವಿದ್ಯೆಯನ್ನು ಬರವಣಿಗೆಗೆ ಇಳಿಸುತ್ತಿರಲಿಲ್ಲವೆಂದು ಜೂಲಿಯಸ್ ಸೀಸರನೇ ಹೇಳಿದ್ದಾನೆ. ಐರ್ಲೆಂಡಿನ ಪುರಾತನ ಕಥೆಗಳು ಲಿಪಿಗೆ ಇಳಿದುದು ಕ್ರೈಸ್ತ ಸನ್ಯಾಸಿಗಳ ಕೈಯಿಂದ. ಉಳಿದ ಖಾಲಿ ಜಾಗವನ್ನು ನಂತರದವರು ಕಲ್ಪನೆಯಿಂದ ತುಂಬಿದರು. ವೇಲ್ಸಿನ ಯೋಲೋ ಮಾರ್ಗನುಗ್ 1792ರಲ್ಲಿ ಲಂಡನ್ನಿನಲ್ಲಿ ನಡೆಸಿದ ‘ಪ್ರಾಚೀನ’ ವಿಧಿಯು ಬಹುಮಟ್ಟಿಗೆ ಆತನದೇ ಸೃಷ್ಟಿ. ಆಟದ ಡ್ರೂಯಿಡನು ಇಂತಹ ಪದರಗಳ ಮೇಲೆ ನಿಂತವನು. ದಾಖಲಾಗದೆ ಹೋದ ಪರಂಪರೆಗೆ ಅನ್ಯರು ರೂಪ ಕೊಡುತ್ತಾರೆ. ಆ ರೂಪವೇ ಕ್ರಮೇಣ ಮೂಲವೆನಿಸಿಕೊಳ್ಳುತ್ತದೆ.

ಇದು ದೂರದ ಸಂಗತಿಯಲ್ಲ. ಇದೇ ಆಟದ 1980ರ ದೇವತಾಕೋಶದಲ್ಲಿ ಕೆಲ್ಟಿಕ್ ದೇವತೆಗಳ ಜೊತೆಗೆ ಇಂದ್ರ, ಅಗ್ನಿ, ವರುಣರೂ ಸೇರಿದ್ದಾರೆ. ಅವರ ಬಲ ಮತ್ತು ಸಹನಶಕ್ತಿಗಳನ್ನು ಅಂಕಿಗಳಲ್ಲಿ ಸೂಚಿಸಲಾಗಿದೆ. 1977ರ ಪ್ರಾಣಿಕೋಶದ ಚಿತ್ರದಲ್ಲಿ ರಾಕ್ಷಸನಿಗೆ ಹುಲಿಯ ತಲೆ. ನಾಗಚಂದ್ರನ ರಾವಣನನ್ನು ಬಲ್ಲ ಕನ್ನಡ ಓದುಗನಿಗೆ ಇದು ವಿಚಿತ್ರವಾಗಿ ಕಾಣದಿರದು. ಜೈನ ರಾಮಾಯಣ ಪರಂಪರೆಯಲ್ಲಿ ‘ರಾಕ್ಷಸ’ ಎಂಬುದು ವಿದ್ಯಾಧರರ ಒಂದು ವಂಶದ ಹೆಸರು. ಅಲ್ಲಿಯ ರಾವಣ ಮೃಗವಲ್ಲ, ಒಂದು ದೌರ್ಬಲ್ಯದಿಂದ ಕೆಟ್ಟ ಮಹಾಪುರುಷ. ಪುರಾಣವನ್ನು ಅಂಕಿಯಾಗಿಸಿದಾಗ ಮೊದಲು ಕಳೆದುಹೋಗುವುದು ಈ ನೈತಿಕ ಸಂಕೀರ್ಣತೆ.

ಹಾಗೆಂದು ಆಟವೆಂಬ ಮಾಧ್ಯಮವೇ ಪುರಾಣಕ್ಕೆ ಒಗ್ಗದೆಂದು ಭಾವಿಸಲಾಗದು. ದಶಾವತಾರ ಗಂಜೀಫದ 120 ಎಲೆಗಳ ಆಟದಲ್ಲಿ ಹಗಲಿಗೆ ರಾಮನೂ ಇರುಳಿಗೆ ಕೃಷ್ಣನೂ ಮುಂದಾಳು. ರಾಮ ನಡುಹಗಲಿನಲ್ಲಿ, ಕೃಷ್ಣ ನಡುರಾತ್ರಿಯಲ್ಲಿ ಜನಿಸಿದರೆಂಬ ಕಥೆಯನ್ನು ನೆನೆದರೆ ಈ ನಿಯಮವೇ ಪುರಾಣವನ್ನು ನುಡಿಯುತ್ತದೆ. ಅಳಗುಳಿಮನೆಯ ಬಂಧುವಾದ, ಒಬ್ಬರೇ ಆಡುವ ಆಟವೊಂದು ತಮಿಳುನಾಡಿನಲ್ಲಿ ‘ಸೀತಾಪಾಂಡಿ’. ಅಶೋಕವನದಲ್ಲಿ ಸೀತೆ ಅದನ್ನು ಆಡಿದಳೆಂಬ ನಂಬಿಕೆಯಿದೆ. ಎದುರಾಳಿಯಿಲ್ಲದಿರುವುದೇ ಅಲ್ಲಿ ಅರ್ಥ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಅರಮನೆಯ ಆಟಕ್ಕೆ ಗ್ರಂಥ ದೊರೆಯಿತು. ಹಳ್ಳಿಕಟ್ಟೆಯ ಆಟಕ್ಕೆ ನೆನಪೊಂದೇ ಆಧಾರ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕುಬಿಹಾಳದಂತಹ ಹಳ್ಳಿಗಳನ್ನು ಈ ದೃಷ್ಟಿಯಿಂದ ನೋಡಬೇಕಾಗಿದೆ. ಪಂಪನ ತಾಯಿಯ ತವರಿನ ನಂಟಿರುವ ಅಣ್ಣಿಗೇರಿ, ಕುಮಾರವ್ಯಾಸನ ಕೋಳಿವಾಡ ಇದೇ ಜಿಲ್ಲೆಯವು. ದ್ಯೂತಪ್ರಸಂಗವನ್ನು ಕಾವ್ಯವಾಗಿಸಿದ ಕವಿಗಳ ಈ ಸೀಮೆಯಲ್ಲಿ ಪಗಡೆಯ ಹಾಸಿನ ಸುತ್ತ ಯಾವ ಮಾತು, ಯಾವ ನಿಷೇಧ, ಯಾವ ಕಥೆ ಉಳಿದಿದೆ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ಹಾಸಿನ ರೇಖಾಚಿತ್ರವನ್ನು ಬರೆದುಕೊಂಡರೆ ಸಾಲದು. ಯಾರು ಯಾರೊಡನೆ ಆಡಬಹುದು, ಯಾವ ಹಬ್ಬದಲ್ಲಿ, ಯಾವ ಹೊತ್ತಿನಲ್ಲಿ ಆಡಬಾರದು, ಕಾಯಿ ಸತ್ತಾಗ ಏನೆನ್ನುತ್ತಾರೆ, ಕವಡೆ ಬಿದ್ದಾಗ ಕೂಗುವ ಹೆಸರುಗಳಾವುವು ಎಂಬ ಅಂಶಗಳು ದಾಖಲಾಗಬೇಕು. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ ಎಂಬ ಕೂಗುಗಳೇ ಚೌಕಾಬಾರವೆಂಬ ಆಟದ ಹೆಸರಾಗಿವೆ ಎಂಬುದನ್ನು ಗಮನಿಸಿದರೆ ಇಂತಹ ಸಂಗ್ರಹದ ಭಾಷಿಕ ಮಹತ್ವವೂ ಸ್ಪಷ್ಟವಾಗುತ್ತದೆ.

ಆಟದ ನಿಯಮಗಳು ಊರಿಂದೂರಿಗೆ ಬದಲಾಗುವುದರಿಂದ ಅಧಿಕೃತ ರೂಪವೇ ಇಲ್ಲವೆಂಬ ಆಕ್ಷೇಪ ಬರಬಹುದು. ಆದರೆ ಪಾಠಾಂತರಗಳಿವೆ ಎಂಬ ಕಾರಣಕ್ಕೆ ಗ್ರಂಥಸಂಪಾದನೆಯನ್ನು ಯಾರೂ ಕೈಬಿಟ್ಟಿಲ್ಲ. ಪಾಠಾಂತರಗಳೇ ಅದಕ್ಕೆ ಸಾಮಗ್ರಿ. ಅದೇ ಶಿಸ್ತನ್ನು ಆಟಕ್ಕೂ ಅನ್ವಯಿಸಬಹುದು. 2011ರಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಸ್ಥಾಪನೆಗೊಂಡ ಜಾನಪದ ವಿಶ್ವವಿದ್ಯಾಲಯ ಕುಂದಗೋಳಕ್ಕೆ ನೆರೆಯದು. ಧಾರವಾಡದಲ್ಲಿ ಕನ್ನಡ ಅಧ್ಯಯನ ಪೀಠವಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಲ್ಲಿ ಒಂದು ಹಳ್ಳಿಯ ಒಂದು ಆಟವನ್ನು ಸಂಪಾದಿಸುವ ಕೆಲಸ ಸೇರಿದರೆ ಸಾಕು, ಆರಂಭವಾದಂತೆ. ನಾಳೆ ಕನ್ನಡದ ಯುವಜನರು ತಮ್ಮ ಪುರಾಣಗಳಿಂದ ಹೊಸ ಆಟಗಳನ್ನು ಕಟ್ಟಬಹುದು, ಕಟ್ಟಬೇಕು ಕೂಡ. ಆಗ ಅವರ ಕೈಗೆ ಸಿಗುವುದು ಹುಲಿಯ ತಲೆಯ ರಾಕ್ಷಸನೋ, ಹಳ್ಳಿಕಟ್ಟೆಯ ನೆನಪೋ ಎಂಬುದು ಈ ತಲೆಮಾರಿನ ಅಧ್ಯಾಪಕರ ದಾಖಲೆಯನ್ನು ಅವಲಂಬಿಸಿದೆ.